ಕಮಾರ್ಗ್, ತೋ, ಬಾಜ್, ಬಾನ್ಯುಲ್ಸ್: ಫ್ರಾನ್ಸಿನ ಹಿನ್ನೀರ ದಂಡೆಯಲ್ಲಿ ಯಾವುದಕ್ಕೆ ಹೋಗಬೇಕು?

ಫ್ರಾನ್ಸಿನ ದಕ್ಷಿಣ ಕರಾವಳಿ ಅಂದಕೂಡಲೇ ಎಲ್ಲರ ಬಾಯಲ್ಲೂ ನೀಸ್, ಕ್ಯಾನ್ ಹೆಸರೇ ಬರುತ್ತದೆ. ಅವೆಲ್ಲ ಪೂರ್ವದ ಕಡೆಗಿವೆ. ಪಶ್ಚಿಮದ ದಂಡೆ ಪೂರ್ತಿ ಬೇರೆ ಥರ. ರೋನ್ ನದಿ ಸಮುದ್ರ ಸೇರುವ ಕಡೆಯಿಂದ ಸ್ಪೇನ್ ಗಡಿಯವರೆಗೆ, ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿನೊಳಗೆ, ಒಂದರ ಹಿಂದೆ ಒಂದು ಹಿನ್ನೀರು. ನದಿ ತಂದ ಮರಳನ್ನು ಸಮುದ್ರ ದಂಡೆಯುದ್ದಕ್ಕೂ ಎಳೆದು ಪಟ್ಟಿ ಕಟ್ಟಿದೆ. ಅದರ ಹಿಂದೆ ನೀರು ಸಿಕ್ಕಿಕೊಂಡಿದೆ. ನಡುನಡುವೆ ಅಳಿವೆಗಳಿವೆ, ಅವುಗಳಲ್ಲಿ ಉಪ್ಪುನೀರು ಒಳಗೆ ಬಂದು ಹೋಗುತ್ತದೆ. ಈ ಹಿನ್ನೀರಿಗೆ ಊರವರು ಎತಾಂ ಅನ್ನುತ್ತಾರೆ. ಸ್ಪೇನ್ ಹತ್ತಿರ ಬಂದಾಗ ಪಿರನೀಸ್ ಬೆಟ್ಟ ನೇರ ಸಮುದ್ರಕ್ಕೇ ಇಳಿಯುತ್ತದೆ. ಅಲ್ಲಿಂದ ಮುಂದೆ ಮರಳು ಮುಗಿದು ಕಲ್ಲಿನ ಸಣ್ಣ ಸಣ್ಣ ಕೊಲ್ಲಿಗಳು ಶುರುವಾಗುತ್ತವೆ.

ಎರಡು ಮೂರು ದಿನ ಮಾತ್ರ ಇದ್ದರೆ ಎಲ್ಲ ನೋಡಲು ಆಗುವುದಿಲ್ಲ. ಆರಿಸಬೇಕು. ಜನ ಸಾಮಾನ್ಯವಾಗಿ ಫೋಟೊ ನೋಡಿ ಆರಿಸುತ್ತಾರೆ. ನನ್ನ ಸಲಹೆ ಬೇರೆ: ಗಾಳಿ ನೋಡಿ ಆರಿಸಿ.

ಯಾಕೆ ಅಂತ ಹೇಳುತ್ತೇನೆ. ಅಘನಾಶಿನಿ ಅಳಿವೆ ನೋಡಿದವರಿಗೆ ಭರತ–ಇಳಿತವೇ ಅಲ್ಲಿನ ಗಡಿಯಾರ ಅಂತ ಗೊತ್ತು. ನೀರು ಇಳಿದಾಗ ಬಳಚು ಹೆಕ್ಕುತ್ತಾರೆ, ಏರಿದಾಗ ದೋಣಿ ಹೊರಡುತ್ತದೆ. ಮೆಡಿಟರೇನಿಯನ್‌ನಲ್ಲಿ ಅದಿಲ್ಲ. ಇಲ್ಲಿ ಭರತ ಬಂದರೂ ನೀರು ಏರುವುದು ಹೆಚ್ಚೆಂದರೆ ಒಂದೂವರೆ ಗೇಣು. ನೀರನ್ನು ಆಡಿಸುವುದೆಲ್ಲ ಗಾಳಿ. ಗಾಳಿ ಜೋರಾಗಿ ಬೀಸಿದರೆ ಹಿನ್ನೀರಿನ ನೀರೆಲ್ಲ ಒಂದು ತುದಿಗೆ ಹೋಗಿ ನಿಲ್ಲುತ್ತದೆ. ಇನ್ನೊಂದು ತುದಿಯಲ್ಲಿ ಕೆಸರು ಬಯಲಾಗುತ್ತದೆ, ಹಕ್ಕಿಗಳೂ ಆ ಕಡೆಗೇ ಬರುತ್ತವೆ.

ಮೂರು ಗಾಳಿಗಳ ಹೆಸರು ಗೊತ್ತಿದ್ದರೆ ಸಾಕು. ರೋನ್ ಕಣಿವೆಯಿಂದ ಇಳಿಯುವುದು ಮಿಸ್ತ್ರಾಲ್, ಇದು ಕಮಾರ್ಗ್ ಕಡೆಯದು. ನಾರ್ಬೋನ್, ಪರ್ಪಿನ್ಯಾಂ ಕಡೆ ವಾಯವ್ಯದಿಂದ ಬೀಸುವುದು ತ್ರಾಮೊಂತಾನ್. ಎರಡೂ ಒಣ ಗಾಳಿ. ಆಕಾಶ ನೀಲಿಯಾಗಿ ಹೊಳೆಯುತ್ತದೆ, ಆದರೆ ನಿಂತ ಸೈಕಲ್ ಬೀಳುತ್ತದೆ. ಮೂರನೆಯದು ಸಮುದ್ರದಿಂದ ಬರುವ ಮಾರಾಂ. ಇದು ತೇವ ತರುತ್ತದೆ, ಮೋಡ ತರುತ್ತದೆ, ಸೊಳ್ಳೆಗೂ ಹಿತ. ಹಿಂದಿನ ರಾತ್ರಿ ಫ್ರೆಂಚ್ ಹವಾಮಾನ ಇಲಾಖೆಯ ಆ್ಯಪ್‌ನಲ್ಲಿ ಗಾಳಿಯ ದಿಕ್ಕು, ವೇಗ ನೋಡಿಕೊಳ್ಳಿ. ಮಳೆ ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಕಮಾರ್ಗ್: ಹಕ್ಕಿಗಾಗಿ ಹೋಗುವವರಿಗೆ

ಆರ್ಲ್ ಊರಿನ ಸ್ವಲ್ಪ ಮೇಲೆ ರೋನ್ ನದಿ ಎರಡಾಗಿ ಒಡೆಯುತ್ತದೆ. ಆ ಎರಡು ಕವಲಿನ ನಡುವಿನ ಮುಖಜ ಭೂಮಿಯೇ ಕಮಾರ್ಗ್. ನಡುವೆ ವಾಕಾರೆಸ್ ಎಂಬ ದೊಡ್ಡ ಹಿನ್ನೀರಿದೆ. ಸುಮಾರು 6,500 ಹೆಕ್ಟೇರ್ ವಿಸ್ತಾರ, ಆಳ ಮಾತ್ರ ಎಲ್ಲೂ ಎರಡು ಮೀಟರ್ ದಾಟುವುದಿಲ್ಲ. 1927ರಿಂದಲೇ ಇದು ರಕ್ಷಿತ ಪ್ರದೇಶ. 1986ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಇಲ್ಲಿಗೆ ಎಲ್ಲರೂ ಬರುವುದು ಫ್ಲೆಮಿಂಗೊಗಾಗಿ. ನಮ್ಮ ಕಛ್‌ನಲ್ಲಿ, ಪುಲಿಕಾಟ್‌ನಲ್ಲಿ ಇರುವ ದೊಡ್ಡ ಫ್ಲೆಮಿಂಗೊ ಜಾತಿಯೇ ಇದು. ಒಂದು ಕಾಲಕ್ಕೆ ಇಲ್ಲಿ ಗೂಡು ಕಟ್ಟುವುದನ್ನೇ ಬಿಟ್ಟಿದ್ದವು. 1970ರಲ್ಲಿ ಫಾಂಗಸಿಯೆ ಎಂಬ ಹಿನ್ನೀರಿನಲ್ಲಿ ಮಣ್ಣು ಹಾಕಿ ನಡುಗಡ್ಡೆ ಕಟ್ಟಿದರು. ಅದರ ಮೇಲೆ ಸುಳ್ಳು ಗೂಡುಗಳನ್ನೂ ಮಾಡಿಟ್ಟರು. ಕೆಲವು ವರ್ಷದ ಮೇಲೆ ಹಕ್ಕಿಗಳು ನಂಬಿ ಬಂದವು! ಈಗ ಗೂಡಿನ ಜಾಗ ಎಗ್-ಮೋರ್ತ್ ಊರಿನ ಉಪ್ಪಿನಾಗರದ ಕಡೆಗೆ ಸರಿದಿದೆ. ಗೂಡಿನ ಹತ್ತಿರ ಜನರನ್ನು ಬಿಡುವುದಿಲ್ಲ, ಬಿಡಲೂಬಾರದು.

ಹತ್ತಿರದಿಂದ ನೋಡಲು ಪೋಂ ದ ಗೋ ಎಂಬ ಪಕ್ಷಿಧಾಮಕ್ಕೆ ಹೋಗಿ. ಸೈಂತ್-ಮರೀ-ದ-ಲ-ಮೇರ್ ಊರಿಗೆ ಸ್ವಲ್ಪ ಮೊದಲೇ ರಸ್ತೆ ಬದಿಗೆ ಸಿಗುತ್ತದೆ. ಟಿಕೆಟ್ ಇದೆ. ಮಣ್ಣಿನ ಕಾಲುದಾರಿ ಏಳು ಕಿಲೋಮೀಟರಿನಷ್ಟಿದೆ, ಎಲ್ಲ ಸಮತಟ್ಟು. ಫ್ಲೆಮಿಂಗೊಗಳು ಕೆಲವೇ ಮೀಟರ್ ದೂರದಲ್ಲಿ ನಿಂತಿರುತ್ತವೆ. ದೂರದಿಂದ ಮೌನಿಗಳ ಥರ ಕಂಡರೂ ಹತ್ತಿರ ಹೋದರೆ ಗಲಾಟೆಯೋ ಗಲಾಟೆ, ಬಾತುಗಳು ಜಗಳವಾಡುವ ಸದ್ದು. ತಿನ್ನುವುದನ್ನು ಗಮನಿಸಿ. ತಲೆಯನ್ನು ಪೂರ್ತಿ ತಲೆಕೆಳಗಾಗಿ ನೀರಿಗೆ ಇಳಿಸುತ್ತದೆ, ಮೇಲಿನ ಕೊಕ್ಕು ಕೆಳಗಾಗುತ್ತದೆ. ನಾಲಿಗೆಯನ್ನು ಹಿಂದೆ ಮುಂದೆ ಆಡಿಸಿ ನೀರು ಎಳೆದು, ಕೊಕ್ಕಿನ ಅಂಚಿನ ಜಾಲರಿಯಲ್ಲಿ ಸೋಸಿ ಹೊರಗೆ ಬಿಡುತ್ತದೆ. ಒಳಗೆ ಉಳಿದ ಸಣ್ಣ ಸಿಗಡಿಯೇ ಅದರ ಊಟ, ಗುಲಾಬಿ ಬಣ್ಣವೂ ಅದರಿಂದಲೇ. ನಡುನಡುವೆ ಕಾಲಿನಿಂದ ಕೆಸರು ತುಳಿಯುತ್ತಾ ಒಂದೇ ಜಾಗದಲ್ಲಿ ಗಿರಗಿರ ಸುತ್ತುತ್ತದೆ.

ಯಾವಾಗ ಹೋಗಬೇಕು? ಬೇಸಿಗೆ ರಜೆಯಲ್ಲಿ ಬೇಡ. ಜನವರಿಯಿಂದ ಮಾರ್ಚ್‌ವರೆಗೆ ಹೋಗಿ. ಆಗ ಫ್ಲೆಮಿಂಗೊಗಳು ಜೋಡಿ ಹುಡುಕುವ ಕಾಲ. ನೂರಾರು ಹಕ್ಕಿಗಳು ಒಟ್ಟಿಗೆ ಕತ್ತು ನೆಟ್ಟಗೆ ಮಾಡಿ ಆ ಕಡೆ ಈ ಕಡೆ ತಿರುಗಿಸುತ್ತಾ ಮೆರವಣಿಗೆ ಹೋಗುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ಬಂದ ಬಾತುಗಳೂ ಸಾವಿರಗಟ್ಟಲೆ ಇರುತ್ತವೆ. ವಸಂತದಲ್ಲಿ ಕಳ್ಳಿಪೀರ, ಮೆಟ್ಟುಗಾಲು ಹಕ್ಕಿ ಎಲ್ಲ ಬಂದು ಸೇರುತ್ತವೆ. ಜೂನ್ ಆದಮೇಲೆ ಸೊಳ್ಳೆ ರಾಜ್ಯ. 1963ರಲ್ಲಿ ಫ್ರೆಂಚ್ ಸರ್ಕಾರ ಈ ಕರಾವಳಿಯಲ್ಲಿ ಪ್ರವಾಸಿ ಊರುಗಳನ್ನು ಕಟ್ಟಲು ದೊಡ್ಡ ಯೋಜನೆ ಶುರು ಮಾಡಿತು. ಅದರ ಜತೆಗೇ ಪಶ್ಚಿಮದ ದಂಡೆಯಲ್ಲಿ ಸೊಳ್ಳೆಗೆ ಔಷಧಿ ಹೊಡೆಯುವುದೂ ಬಂತು. ಕಮಾರ್ಗ್‌ನ ಒಳಭಾಗವನ್ನು ಹೆಚ್ಚಾಗಿ ಅದರಿಂದ ಹೊರಗಿಟ್ಟರು. ಹಾಗಾಗಿ ಹಕ್ಕಿಗೆ ತಿನ್ನಲು ಹುಳ ಉಳಿಯಿತು, ನಮಗೆ ತುರಿಕೆ ಉಳಿಯಿತು. ಮಿಸ್ತ್ರಾಲ್ ಬೀಸುವ ದಿನ ಸೊಳ್ಳೆ ಕಾಟ ಇರುವುದಿಲ್ಲ. ಆದರೆ ಬೈನಾಕ್ಯುಲರ್ ಕೈಯಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಆಯ್ಕೆ ಸಮುದ್ರದ ಒಡ್ಡು. 1859ರಲ್ಲಿ ಕಟ್ಟಿದ್ದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ನಡುವೆ ಗಶೋಲ್ ಎಂಬ ದೀಪಸ್ತಂಭ. ಕಾರಿಗೆ ಪ್ರವೇಶ ಇಲ್ಲ, ನಡೆಯಬೇಕು ಇಲ್ಲವೇ ಸೈಕಲ್ ತುಳಿಯಬೇಕು. ನೆರಳಿಲ್ಲ, ಕುಡಿಯುವ ನೀರಿಲ್ಲ, ಅಂಗಡಿಯಂತೂ ಇಲ್ಲವೇ ಇಲ್ಲ. ಎದುರುಗಾಳಿ ಇದ್ದರೆ ಅರ್ಧಕ್ಕೇ ವಾಪಸ್ ಬನ್ನಿ, ಅದರಲ್ಲೇನೂ ಅವಮಾನ ಇಲ್ಲ.

ಉತ್ತರ ಕನ್ನಡದವರಿಗೆ ಇಲ್ಲಿನ ಭತ್ತದ ಗದ್ದೆ ನೋಡಿದರೆ ಕುತೂಹಲ ಹುಟ್ಟಬಹುದು. ನಮ್ಮ ಗಜನಿಯಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಹಾಕುತ್ತೇವೆ. ಇಲ್ಲಿ ಉಲ್ಟಾ. ರೋನ್ ನದಿಯ ಸಿಹಿನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಮಣ್ಣಿನ ಉಪ್ಪನ್ನೇ ಕೆಳಕ್ಕೆ ತಳ್ಳುತ್ತಾರೆ. ಭತ್ತ ಬೆಳೆದರೆ ಮುಂದೆ ಆ ಗದ್ದೆಯಲ್ಲಿ ಗೋಧಿಯೂ ಬೆಳೆಯಬಹುದು.

ಮೇ 24, 25ರಂದು ಸೈಂತ್-ಮರೀ ಊರಿನಲ್ಲಿ ರೋಮಾ ಜನರ ದೊಡ್ಡ ಜಾತ್ರೆ. ಕಪ್ಪು ಮುಖದ ಸಾರಾ ದೇವಿಯ ಮೂರ್ತಿಯನ್ನು ಹೊತ್ತು ಸಮುದ್ರದೊಳಗೆ ಇಳಿಯುತ್ತಾರೆ. ಬಿಳಿ ಕುದುರೆ ಏರಿದ ದನಗಾಹಿಗಳು ಜತೆಗಿರುತ್ತಾರೆ. ರೋಮಾ ಜನರ ಪೂರ್ವಿಕರು ಭಾರತದಿಂದ ಹೋದವರು ಅನ್ನುವುದು ನಿಮಗೆ ಗೊತ್ತಿರಬಹುದು. ಜಾತ್ರೆ ನೋಡುವ ಆಸೆ ಇದ್ದರೆ ಹೋಗಿ. ಹಕ್ಕಿ ನೋಡುವ ಆಸೆ ಇದ್ದರೆ ಆ ವಾರ ತಪ್ಪಿಸಿ, ರಸ್ತೆಯಲ್ಲಿ ಜಾಗವೇ ಇರುವುದಿಲ್ಲ.

ಎಗ್-ಮೋರ್ತ್‌ನ ಗುಲಾಬಿ ಉಪ್ಪಿನಾಗರದ ಫೋಟೊ ನೋಡಿ ಮರುಳಾಗಬೇಡಿ. ಬಣ್ಣ ಸುಳ್ಳಲ್ಲ, ಉಪ್ಪು ಗಟ್ಟಿಯಾದ ನೀರಿನಲ್ಲಿ ಬೆಳೆಯುವ ಒಂದು ಪಾಚಿಯಿಂದ ಬರುತ್ತದೆ. ಆದರೆ ಅದು ಬೇಸಿಗೆಯ ಮಾತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಕಂಡಷ್ಟು ದಂಡೆಯಲ್ಲಿ ನಿಂತವರಿಗೆ ಕಾಣುವುದಿಲ್ಲ.

ತೋ: ಊಟ, ದೋಣಿ, ರೈಲು

ಕಮಾರ್ಗ್‌ನಲ್ಲಿ ಮನುಷ್ಯ ದೂರ ನಿಂತು ನೋಡಬೇಕು. ತೋ ಹಿನ್ನೀರಿನಲ್ಲಿ ಮನುಷ್ಯ ನೀರೊಳಗೇ ಬದುಕು ಕಟ್ಟಿಕೊಂಡಿದ್ದಾನೆ. ಸುಮಾರು 7,500 ಹೆಕ್ಟೇರಿನ ಈ ಹಿನ್ನೀರು ಬೇರೆಯವುಗಳಿಗಿಂತ ಆಳ, ಸರಾಸರಿ ನಾಲ್ಕೂವರೆ ಮೀಟರ್. ಹಾಗಾಗಿ ಇಲ್ಲಿ ಆಯ್ಸ್ಟರ್ ಬೆಳೆಯುತ್ತಾರೆ.

ಅಟ್ಲಾಂಟಿಕ್ ದಂಡೆಯಲ್ಲಿ ನೀರು ಇಳಿದಾಗ ಹೋಗಿ ಆಯ್ಸ್ಟರ್ ಚೀಲಗಳನ್ನು ತಿರುವಿ ಹಾಕುತ್ತಾರೆ. ಇಲ್ಲಿ ನೀರು ಇಳಿಯುವುದೇ ಇಲ್ಲವಲ್ಲ. ಅದಕ್ಕೆ ಬೇರೆ ಉಪಾಯ. ನೀರಿನ ಮೇಲೆ ಚಪ್ಪರದ ಥರ ಚೌಕಟ್ಟು ನಿಲ್ಲಿಸುತ್ತಾರೆ, ಹಳೆಯ ರೈಲು ಕಂಬಿಗಳಿಂದ ಮಾಡಿದ್ದೂ ಇವೆ. ಅದರಿಂದ ಹಗ್ಗಗಳನ್ನು ನೀರಿಗೆ ಇಳಿಬಿಡುತ್ತಾರೆ. ಒಂದೊಂದು ಹಗ್ಗಕ್ಕೂ ಮೂರು ಮೂರು ಆಯ್ಸ್ಟರ್‌ಗಳನ್ನು ಸಿಮೆಂಟಿನ ಸಣ್ಣ ಉಂಡೆಯಿಂದ ಕೈಯಲ್ಲೇ ಅಂಟಿಸುತ್ತಾರೆ. ಬುಜೀಗ್ ಊರಿನಲ್ಲಿ ಈ ಕೆಲಸವನ್ನು ವಿವರಿಸುವ ಸಣ್ಣ ಮ್ಯೂಸಿಯಂ ಇದೆ. ನೋಡಿಕೊಂಡು ಆಮೇಲೆ ದಂಡೆಯ ಅಂಗಡಿಯಲ್ಲಿ ಕೂತರೆ ತಟ್ಟೆಯಲ್ಲಿರುವುದು ಏನು ಅಂತ ಅರ್ಥವಾಗುತ್ತದೆ. ಹಸಿ ಆಯ್ಸ್ಟರ್ ಬೇಡ ಅನ್ನುವ ಮಂಗಳೂರು ಕಡೆಯವರಿಗೆ ಬೆಂಕಿಯ ಮೇಲೆ ಬೇಯಿಸಿದ ಪಚ್ಚಿಲೆ ಸಿಗುತ್ತದೆ. ಅದರ ಹೆಸರು ಬ್ರಜುಕಾದ್. ನಮ್ಮ ಸುಕ್ಕದ ಖಾರ ನಿರೀಕ್ಷಿಸಬೇಡಿ.

ಇಲ್ಲೂ ಗಾಳಿಯದೇ ಆಟ. ಬೇಸಿಗೆಯಲ್ಲಿ ದಿನಗಟ್ಟಲೆ ಬಿಸಿಲು ಕಾದು ಗಾಳಿಯೇ ಆಡದಿದ್ದರೆ ನೀರಿನಲ್ಲಿ ಆಮ್ಲಜನಕ ಖಾಲಿಯಾಗುತ್ತದೆ. ನೀರು ಬೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿ ಆಯ್ಸ್ಟರ್, ಪಚ್ಚಿಲೆ ಎಲ್ಲ ಸಾಯುತ್ತವೆ. ಊರವರು ಇದಕ್ಕೆ ಮಲೈಗ್ ಅನ್ನುತ್ತಾರೆ, ಕೆಟ್ಟ ನೀರು ಅಂತ. 2018ರ ಬೇಸಿಗೆಯಲ್ಲಿ ಹೀಗಾಗಿ ರೈತರು ತುಂಬಾ ನಷ್ಟ ಅನುಭವಿಸಿದರು. ಚಳಿಗಾಲದ ಜೋರು ಮಳೆಯಲ್ಲಿ ಕೊಳಚೆ ಹಿನ್ನೀರಿಗೆ ಹರಿದು, ವೈರಸ್ ಭಯದಿಂದ ಮಾರಾಟ ನಿಲ್ಲಿಸಿದ್ದೂ ಇದೆ. ದೊಡ್ಡ ಮಳೆ ಬಂದ ವಾರ ಹಸಿ ಆಯ್ಸ್ಟರ್ ತಿನ್ನುವ ಮೊದಲು ವಿಚಾರಿಸಿ.

ತೋ ಹಿನ್ನೀರಿನ ದೊಡ್ಡ ಅನುಕೂಲ ಅಂದರೆ ಕಾರು ಬೇಡ. ಸೆತ್ ಊರಿಗೆ ನೇರ ರೈಲಿದೆ, ಮೋಂಪೆಲಿಯೆಯಿಂದ ಅರ್ಧ ಗಂಟೆಯೂ ಬೇಡ. ಸೆತ್‌ನಿಂದ ಮಾರ್ಸೆಯಾಂ ಕಡೆಗೆ ಹತ್ತು ಕಿಲೋಮೀಟರಿಗೂ ಜಾಸ್ತಿ ಉದ್ದದ ಮರಳಿನ ಪಟ್ಟಿ. ಅಲ್ಲಿ ಅಲೆ ಮರಳನ್ನು ತಿಂದುಹಾಕುತ್ತಿತ್ತು. ಅದಕ್ಕೆ ಕಡಲಂಚಿನಲ್ಲಿದ್ದ ರಸ್ತೆಯನ್ನೇ ಕಿತ್ತು ಹಿಂದಕ್ಕೆ, ರೈಲು ಹಳಿಯ ಪಕ್ಕಕ್ಕೆ ಸರಿಸಿದರು. ಕಲ್ಲು ಸುರಿದು ಕಡಲ್ಕೊರೆತ ತಡೆಯುವುದನ್ನೇ ನೋಡಿದ ನಮಗೆ, ರಸ್ತೆಯೇ ಹಿಂದೆ ಸರಿದು ಸಮುದ್ರಕ್ಕೆ ಜಾಗ ಬಿಟ್ಟದ್ದು ಯೋಚನೆಗೆ ಹಚ್ಚುತ್ತದೆ. ಈಗ ಅಲ್ಲಿ ಒಳ್ಳೆಯ ಸೈಕಲ್ ದಾರಿ ಇದೆ. ಮಾರ್ಸೆಯಾಂ ಹತ್ತಿರ 1681ರ ಮಿದಿ ಕಾಲುವೆ ಹಿನ್ನೀರಿಗೆ ಬಂದು ಸೇರುತ್ತದೆ. ಟುಲೂಸ್‌ನಿಂದ ಹೊರಟ ದೋಣಿ ಕೊನೆಗೆ ತಲುಪುವುದು ಇಲ್ಲಿಗೆ.

ಆಗಸ್ಟ್ ಕೊನೆಯಲ್ಲಿ ಸೆತ್ ಕಾಲುವೆಗಳಲ್ಲಿ ದೋಣಿ ಕಾಳಗ ನಡೆಯುತ್ತದೆ. ಏಣಿಯ ತುದಿಯಲ್ಲಿ ನಿಂತ ಬಿಳಿ ಬಟ್ಟೆಯವರು ಎದುರು ದೋಣಿಯವನನ್ನು ಕೋಲಿನಿಂದ ನೀರಿಗೆ ಕೆಡವುತ್ತಾರೆ. ಮಜಾ ಇದೆ. ಲಾಡ್ಜ್ ಸಿಗುವುದು ಮಾತ್ರ ಕಷ್ಟ.

ಬಾಜ್–ಸಿಜಾಂ, ಗ್ರುಯಿಸಾಂ: ನನ್ನ ಓಟು ಇದಕ್ಕೆ

ನಾರ್ಬೋನ್‌ನ ದಕ್ಷಿಣಕ್ಕಿರುವ ಈ ಹಿನ್ನೀರುಗಳ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕಮಾರ್ಗ್‌ನಷ್ಟು ಹಕ್ಕಿ ಒಂದೇ ಕಡೆ ಸಿಗುವುದಿಲ್ಲ, ತೋ ಹಿನ್ನೀರಿನಷ್ಟು ಊಟದ ಸಂಭ್ರಮ ಇಲ್ಲ. ಆದರೆ ಎಲ್ಲದರದ್ದೂ ಸ್ವಲ್ಪ ಸ್ವಲ್ಪ ಇದೆ, ಜನ ಕಡಿಮೆ. 2003ರಿಂದ ಇದು ಪ್ರಾದೇಶಿಕ ನಿಸರ್ಗ ಉದ್ಯಾನ.

ಪೇರಿಯಾಕ್-ದ-ಮೇರ್ ಎಂಬ ಪುಟ್ಟ ಊರಿನಿಂದ ಶುರು ಮಾಡಿ. ಹಳೆಯ ಉಪ್ಪಿನಾಗರದ ಮೇಲೆ ಮರದ ಹಲಗೆ ದಾರಿ ಮಾಡಿದ್ದಾರೆ. ಸಂಜೆ ನಾಲ್ಕರ ನಂತರ ಹೋದರೆ ಫ್ಲೆಮಿಂಗೊ, ಬೆಳ್ಳಕ್ಕಿ ಪುಕ್ಕಟೆಯಾಗಿ ಸಿಗುತ್ತವೆ. ಶರತ್ಕಾಲದಲ್ಲಿ ದಂಡೆಯ ಸಾಲಿಕೋರ್ನ್ ಗಿಡ ಕೆಂಪಾಗುತ್ತದೆ. ಗಿಡದ ತುದಿ ಚಿವುಟಿ ನಾಲಿಗೆಗೆ ಮುಟ್ಟಿಸಿದರೆ ಶುದ್ಧ ಉಪ್ಪು. ಬಾಜ್ ಊರು ಬಂಡೆಯ ಮೇಲಿದೆ. ಅಲ್ಲಿನ ಮೀನುಗಾರರು ಹಾವುಮೀನಿಗೆ ಬಲೆ ಹಾಕುತ್ತಾರೆ.

ಬೇರೆ ಕಡೆ ಗಾಳಿ ಬಂದರೆ ದಿನ ಹಾಳು, ಇಲ್ಲಿ ಗಾಳಿ ಬಂದರೇ ದಿನ. ಗ್ರುಯಿಸಾಂ ಹತ್ತಿರ ರೋಕ್ ದ ಕೋನಿಲಾಕ್ ಎಂಬ ಸಣ್ಣ ಗುಡ್ಡ ಇದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಆಫ್ರಿಕಾಕ್ಕೆ ಹೊರಟ ಹದ್ದು, ಕೊಕ್ಕರೆಗಳು ಈ ದಾರಿಯಲ್ಲೇ ಹೋಗುತ್ತವೆ. ಗಾಳಿ ಇಲ್ಲದ ದಿನ ಅವು ತುಂಬಾ ಎತ್ತರದಲ್ಲಿ ಚುಕ್ಕಿಯಾಗಿ ಹೋಗುತ್ತವೆ. ತ್ರಾಮೊಂತಾನ್ ಬೀಸಿದರೆ ಕೆಳಗಿಳಿದು, ಕರಾವಳಿಗೆ ಅಂಟಿಕೊಂಡು ಸಾಗುತ್ತವೆ. ಕತ್ತು ನೋಯುವುದಿಲ್ಲ, ರೆಕ್ಕೆಯ ಗುರುತೂ ಕಾಣುತ್ತದೆ. ಜಾಕೆಟ್ ಮರೆಯಬೇಡಿ, ಟೋಪಿಗೆ ದಾರ ಕಟ್ಟಿಕೊಳ್ಳಿ.

ಗ್ರುಯಿಸಾಂ ಕಡಲ ದಂಡೆಯಲ್ಲಿ ಕಂಬಗಳ ಮೇಲೆ ನಿಂತ ಮರದ ಮನೆಗಳ ಸಾಲು ಇದೆ. ಚೆನ್ನಾಗಿದೆ, ಅರ್ಧ ಗಂಟೆ ಸಾಕು. ಅದಕ್ಕಿಂತ ಸೈಂತ್-ಲೂಸಿ ದ್ವೀಪಕ್ಕೆ ಸಮಯ ಕೊಡಿ. ಎರಡು ಹಿನ್ನೀರಿನ ನಡುವೆ, ಕಾಲುವೆ ಪಕ್ಕದಲ್ಲಿ, ಪೈನ್ ಮರಗಳ ನೆರಳಿರುವ ಜಾಗ. ಈ ಇಡೀ ದಂಡೆಯಲ್ಲಿ ನೆರಳು ಎಂಬುದು ಅಪರೂಪ.

ಇನ್ನೂ ದಕ್ಷಿಣಕ್ಕೆ ಹೋದರೆ ಲ್ಯೂಕಾತ್ ಹಿನ್ನೀರು. ಕೈಟ್ ಸರ್ಫಿಂಗ್ ಕಲಿಯುವವರಿಗೆ ಸ್ವರ್ಗ. ಉಳಿದವರು ರೈಲಿನ ಕಿಟಕಿಯಿಂದ ನೋಡಿದರೆ ಸಾಕು.

ಕೊಲ್ಯೂರ್‌ನಿಂದ ಬಾನ್ಯುಲ್ಸ್: ಈಜಬೇಕು ಅನ್ನುವವರಿಗೆ

ಹಿನ್ನೀರಿನಲ್ಲಿ ಈಜುವುದು ಸುಖವಲ್ಲ. ಮೊಣಕಾಲುದ್ದ ನೀರು, ಕೆಳಗೆ ಕೆಸರು. ಮಕ್ಕಳು ನೀರಿಗಿಳಿಯಲೇಬೇಕು ಅಂತ ಹಟ ಹಿಡಿದರೆ ಕಲ್ಲಿನ ಕೊಲ್ಲಿಗಳ ಕಡೆ ಹೋಗಿ.

ಮೊದಲು ಸಿಗುವುದು ಕೊಲ್ಯೂರ್. 1905ರ ಬೇಸಿಗೆಯಲ್ಲಿ ಮಾತೀಸ್, ದೆರೇನ್ ಇಬ್ಬರೂ ಕೂತು ಚಿತ್ರ ಬರೆದ ಊರು. ಊರಿನ ಬಣ್ಣ ನಿಜವಾಗಿಯೂ ಅವರ ಚಿತ್ರದಲ್ಲಿದ್ದ ಹಾಗೆಯೇ ಇದೆ. ಜನವೂ ಅಷ್ಟೇ ಇದ್ದಾರೆ. ಬೇಸಿಗೆಯಲ್ಲಿ ಕಾರು ತಂದರೆ ಪಾರ್ಕಿಂಗ್ ಹುಡುಕುವುದರಲ್ಲೇ ಬೆಳಗು ಕಳೆಯುತ್ತದೆ, ಸುಮ್ನೆ ರೈಲಿನಲ್ಲಿ ಬನ್ನಿ.

ನನಗೆ ಇಷ್ಟವಾದದ್ದು ಪೊಲೀಲ್ ಕೊಲ್ಲಿ. ಇಲ್ಲಿ 1870ರಲ್ಲಿ ಡೈನಮೈಟ್ ಕಾರ್ಖಾನೆ ಶುರುವಾಯಿತು, ಹಿಂದೆ ಇದ್ದದ್ದು ನೊಬೆಲ್‌ನ ಪೇಟೆಂಟ್. 1984ರಲ್ಲಿ ಮುಚ್ಚಿತು. ಆಮೇಲೆ ಬಿಲ್ಡರ್‌ಗಳ ಕಣ್ಣು ಬಿತ್ತು. ಕರಾವಳಿ ಭೂಮಿಯನ್ನು ಕೊಂಡು ಕಾಪಾಡಲೆಂದೇ ಫ್ರಾನ್ಸಿನಲ್ಲಿ 1975ರಿಂದ ಒಂದು ಸರ್ಕಾರಿ ಸಂಸ್ಥೆ ಇದೆ. ಅದು 1998ರಲ್ಲಿ ಈ ಜಾಗ ಕೊಂಡಿತು. 2008ರಲ್ಲಿ ಜನರಿಗೆ ತೆರೆಯಿತು. ಈಗ ಕಾರ್ಮಿಕರ ಕಥೆ ಹೇಳುವ ಕಟ್ಟಡ, ಹಳೆಯ ಮರದ ದೋಣಿ ರಿಪೇರಿ ಮಾಡುವ ಕಾರ್ಯಾಗಾರ, ಎದುರಿಗೆ ತಿಳಿನೀರಿನ ಬೀಚ್. ಬಾಡಿಗೆಯ ಹಾಸಿಗೆ, ಕೊಡೆಗಳ ಸಾಲು ಇಲ್ಲ.

ಬಾನ್ಯುಲ್ಸ್ ಮತ್ತು ಸೆರ್ಬೇರ್ ನಡುವೆ ಸುಮಾರು 650 ಹೆಕ್ಟೇರ್ ಸಮುದ್ರವೇ ರಕ್ಷಿತ. 1974ರಲ್ಲಿ ಆದದ್ದು, ಫ್ರಾನ್ಸಿನ ಮೊದಲ ಕಡಲ ಮೀಸಲು. ಪೇರಫಿತ್ ಬೀಚಿನಲ್ಲಿ ಬೇಸಿಗೆಯಲ್ಲಿ ನೀರೊಳಗಿನ ದಾರಿ ತೆರೆದಿರುತ್ತದೆ. ಉದ್ದ 250 ಮೀಟರ್. ಮಾಸ್ಕ್ ಹಾಕಿ ತೇಲುವ ಗುರುತುಗಳನ್ನು ಹಿಡಿದು ಹೋದರೆ ಸಾಕು, ಕೆಳಗೆ ಪೊಸಿಡೋನಿಯಾ ಹುಲ್ಲಿನ ಗದ್ದೆ. ಇದು ಪಾಚಿಯಲ್ಲ, ಹೂ ಬಿಡುವ ಗಿಡ.

ಎಚ್ಚರ ಒಂದಿದೆ. ತ್ರಾಮೊಂತಾನ್ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ. ಬಿಸಿಯಾದ ಮೇಲಿನ ನೀರನ್ನು ಆಚೆ ತಳ್ಳಿದಾಗ ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಜುಲೈ ತಿಂಗಳಲ್ಲೂ ಹಲ್ಲು ಕಟಕಟಿಸುತ್ತದೆ. ಅದಕ್ಕಿಂತ ಮುಖ್ಯ, ಮಕ್ಕಳ ಗಾಳಿ ತುಂಬಿದ ಆಟದ ದೋಣಿಗಳನ್ನು ಅದು ನಿಮಿಷದಲ್ಲಿ ಆಚೆ ಒಯ್ಯುತ್ತದೆ. ಆ ದಿನ ನೀರಿಗೆ ಬೇಡ, ಹಿಂದಕ್ಕೆ ಹೋಗಿ ಗ್ರುಯಿಸಾಂ ಗುಡ್ಡ ಹತ್ತಿ.

ಹಾಗಾದರೆ ಯಾವುದು?

ವಯಸ್ಸಾದ ಅಪ್ಪ ಅಮ್ಮ ಜತೆಗಿದ್ದರೆ ಪೋಂ ದ ಗೋ ಅಥವಾ ಪೇರಿಯಾಕ್. ಎರಡೂ ಸಮತಟ್ಟು, ಬೇಕಾದಲ್ಲಿ ನಿಲ್ಲಬಹುದು. ಕೊಲ್ಯೂರ್ ಆಚೆಯ ಕಡಲ ಕಾಲುದಾರಿ ಬೇಡ, ಏರಿಳಿತ ಜಾಸ್ತಿ. ಕಾರಿಲ್ಲದವರು ಕಮಾರ್ಗ್ ಒಳಗೆ ಒದ್ದಾಡುತ್ತಾರೆ. ಆರ್ಲ್‌ನಿಂದ ಸೈಂತ್-ಮರೀಗೆ ಬಸ್ಸಿದೆ ನಿಜ, ಆದರೆ ವಾಕಾರೆಸ್‌ನ ಪೂರ್ವ ದಂಡೆ ನೋಡಬೇಕಾದರೆ ಕಾರು ಅಥವಾ ಸೈಕಲ್ ಬೇಕೇ ಬೇಕು. ಕಾರಿಲ್ಲದವರಿಗೆ ಸೆತ್ ಒಳ್ಳೆಯದು.

ಶಾಕಾಹಾರಿಗಳಿಗೆ ಈ ದಂಡೆ ಸುಲಭವಲ್ಲ. ಸೆತ್‌ನ ಹೆಸರುವಾಸಿ ತಿಯೆಲ್ ಅನ್ನುವ ಕಡುಬಿನ ಒಳಗೆ ಆಕ್ಟೋಪಸ್ ಇರುತ್ತದೆ. ಕಮಾರ್ಗ್‌ನ ಹೋಟೆಲುಗಳಲ್ಲಿ ಗೂಳಿ ಮಾಂಸದ ಸಾರು. ಬಾಡಿಗೆಗೆ ಅಡುಗೆಮನೆ ಇರುವ ಮನೆ ಹಿಡಿದು, ಸಂತೆಯಲ್ಲಿ ತರಕಾರಿ, ಕಮಾರ್ಗ್ ಅಕ್ಕಿ ತಂದುಕೊಳ್ಳುವುದು ಉತ್ತಮ. ಎಗ್-ಮೋರ್ತ್‌ನ ಸಿಹಿ ಫುಗಾಸ್ ರೊಟ್ಟಿ ಕಿತ್ತಳೆ ಹೂವಿನ ಘಮದಿಂದ ರುಚಿಯಾಗಿರುತ್ತದೆ. ಮೊಟ್ಟೆ ತಿನ್ನದವರು ಕೇಳಿ ತಿನ್ನಿ.

ಏರ್‌ಬಸ್ ಕೆಲಸಕ್ಕೆಂದು ಬೆಂಗಳೂರಿನಿಂದ ಟುಲೂಸ್‌ಗೆ ಬಂದವರಿಗೆ ವಾರಾಂತ್ಯಕ್ಕೆ ನಾರ್ಬೋನ್ ಸರಿಯಾದ ನೆಲೆ. ನೇರ ರೈಲಿದೆ, ಒಂದೂವರೆ ಗಂಟೆಯೊಳಗೆ ಮುಟ್ಟುತ್ತೀರಿ. ಶನಿವಾರ ಗಾಳಿ ಇದ್ದರೆ ಗ್ರುಯಿಸಾಂ, ಇಲ್ಲದಿದ್ದರೆ ಪೇರಿಯಾಕ್. ಭಾನುವಾರ ರೈಲಿನಲ್ಲಿ ಬಾನ್ಯುಲ್ಸ್. ನಾರ್ಬೋನ್‌ನಿಂದ ದಕ್ಷಿಣಕ್ಕೆ ಹೋಗುವ ಈ ಹಳಿ ಎರಡು ಹಿನ್ನೀರಿನ ನಡುವೆಯೇ ಹಾದುಹೋಗುತ್ತದೆ. ಮೊದಲು ಬಲಗಡೆ ಕಿಟಕಿಗೆ ಕೂತು ಬಾಜ್ ಹಿನ್ನೀರು ನೋಡಿ, ಲ್ಯೂಕಾತ್ ಬಂದಾಗ ಎಡಗಡೆಗೆ ಬನ್ನಿ. ಬಾರ್ಸಿಲೋನಾಗೆ ಹೋಗುವ ವೇಗದ ರೈಲೂ ಪರ್ಪಿನ್ಯಾಂವರೆಗೆ ಇದೇ ಹಳಿಯ ಮೇಲೆ ಹೋಗುತ್ತದೆ, ಆದರೆ ಟಿಕೆಟ್ ದುಬಾರಿ. ಲೋಕಲ್ ರೈಲಿಗೇ ತೆಗೆದುಕೊಳ್ಳಿ.